ಹೊಗೆಯಿಲ್ಲದ ಬಾರ್ಬೆಕ್ಯೂ: ಸ್ಲೋ ಕುಕ್ಕರಿನಲ್ಲಿ ಪುಲ್ಡ್ ಪೋರ್ಕ್

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ, ಅದರಲ್ಲೂ ಉತ್ತರ ಕ್ಯಾರೊಲೈನಾ, ದಕ್ಷಿಣ ಕ್ಯಾರೊಲೈನಾ ಮತ್ತು ಟೆನೆಸಿ ರಾಜ್ಯಗಳಲ್ಲಿ, ಹಂದಿಯ ಭುಜದ ಮಾಂಸವನ್ನು ಅರ್ಧ ದಿನದಷ್ಟು ಕಾಲ ಹದವಾದ ಶಾಖದಲ್ಲಿ ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಹುಳಿಖಾರದ ರಸ ಬೆರೆಸಿ, ಮೆತ್ತನೆಯ ಬನ್ನಿನ ನಡುವೆ ಇಟ್ಟು ತಿನ್ನುವ ಪದಾರ್ಥವೇ ಪುಲ್ಡ್ ಪೋರ್ಕ್. ಮೂಲದಲ್ಲಿ ಇದು ಮನೆಯೊಳಗಿನ ಅಡುಗೆಯಲ್ಲ; ಬಯಲಿನಲ್ಲಿ ಹೊಂಡ ತೋಡಿ, ಕಟ್ಟಿಗೆ ಸುಟ್ಟು ಕೆಂಡ ಮಾಡಿ, ರಾತ್ರಿಯಿಡೀ ಎಚ್ಚರವಿದ್ದು ಬೆಂಕಿ ಕಾಯುವವರ ಅಡುಗೆ. ಇಂದು ಅದೇ ಅಡುಗೆ ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆಯ ಮೂಲಕ ಅಡುಗೆಕಟ್ಟೆಯ ಮೂಲೆಗೆ ಬಂದು ಕುಳಿತಿದೆ. ಹಾಗೆ ಬರುವಾಗ ಹೊಂಡದಿಂದ ಅದು ಏನನ್ನು ತಂದಿತು, ಏನನ್ನು ಅಲ್ಲಿಯೇ ಬಿಟ್ಟಿತು ಎಂಬುದನ್ನು ತಿಳಿದು ಅಡುಗೆ ಮಾಡುವವರಿಗೆ ಈ ಪಾತ್ರೆ ಒಳ್ಳೆಯ ಫಲ ಕೊಡುತ್ತದೆ. ತಿಳಿಯದವರ ತಟ್ಟೆಗೆ ಬರುವುದು ಸಿಹಿ ಸಾಸಿನಲ್ಲಿ ಮುಳುಗಿದ ಸಪ್ಪೆ ಮಾಂಸ.

ಹಂದಿ ಅಮೆರಿಕ ಖಂಡದ ಮೂಲಪ್ರಾಣಿಯಲ್ಲ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾದ ಕರಾವಳಿಯಲ್ಲಿ ಇಳಿದಾಗ ಆತನ ದಂಡಿನೊಂದಿಗೆ ಹಂದಿಗಳೂ ಇದ್ದವು. ಮೂರು ವರ್ಷಗಳ ಬಳಿಕ ಆತ ಸಾಯುವ ಹೊತ್ತಿಗೆ ಅವು ನೂರಾರಾಗಿದ್ದವು. ದಕ್ಷಿಣದ ಓಕ್ ಕಾಡುಗಳಲ್ಲಿ ಬಿದ್ದ ಕಾಯಿಗಳನ್ನು ತಿಂದು ತಾವಾಗಿ ಬೆಳೆಯುವ ಈ ಪ್ರಾಣಿಗಳಿಗೆ ಮೇವಿನ ಖರ್ಚಿರಲಿಲ್ಲವಾದ್ದರಿಂದ ಮುಂದಿನ ಶತಮಾನಗಳಲ್ಲಿ ಹಂದಿಮಾಂಸವೇ ಆ ಸೀಮೆಯ ಮುಖ್ಯ ಮಾಂಸವಾಯಿತು. ಬೆಂಕಿಯ ಮೇಲೆ ಎತ್ತರದ ಅಟ್ಟ ಕಟ್ಟಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಕ್ರಮ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳದು; ಹಂದಿ ಮತ್ತು ವಿನೆಗರ್ ಯುರೋಪಿನವರು ತಂದದ್ದು; ಆದರೆ ಹೊಂಡದ ಮುಂದೆ ನಿಂತು, ಕೆಂಡ ಹರಡಿ, ಮಾಂಸ ಮಗುಚಿ, ಈ ಎಲ್ಲವನ್ನೂ ಬಾರ್ಬೆಕ್ಯೂ ಎಂಬ ಒಂದು ಪಾಕಕಲೆಯಾಗಿ ಬೆಸೆದವರಲ್ಲಿ ಬಹುಪಾಲು ಜನ ತೋಟದ ಮಾಲೀಕರ ಕೈಕೆಳಗೆ ಗುಲಾಮರಾಗಿದ್ದ ಆಫ್ರಿಕನ್ ಮೂಲದವರು. ಬಾರ್ಬೆಕ್ಯೂ ಕುರಿತ ಪುಸ್ತಕಗಳು ಬಹುಕಾಲ ಈ ಋಣವನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿದವು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಾಗದು.

ಉತ್ತರ ಕ್ಯಾರೊಲೈನಾ ಒಂದೇ ರಾಜ್ಯವಾದರೂ ಬಾರ್ಬೆಕ್ಯೂ ವಿಷಯದಲ್ಲಿ ಎರಡು ಮತಗಳಾಗಿ ಒಡೆದಿದೆ. ಸಮುದ್ರದ ಕಡೆಯ ಪೂರ್ವ ಭಾಗದವರು ಇಡೀ ಹಂದಿಯನ್ನು ಬೇಯಿಸಿ, ಎಲ್ಲ ಭಾಗಗಳ ಮಾಂಸವನ್ನೂ ಕೊಚ್ಚಿ ಬೆರೆಸಿ, ವಿನೆಗರ್, ಉಪ್ಪು, ಒಣಮೆಣಸಿನ ಚೂರು ಇಷ್ಟರಿಂದಲೇ ಆದ ತೆಳು ರಸವನ್ನು ಹಾಕುತ್ತಾರೆ. ಟೊಮ್ಯಾಟೊ ಅವರಿಗೆ ನಿಷಿದ್ಧ. ನಡುಭಾಗದ ಲೆಕ್ಸಿಂಗ್ಟನ್ ಪಟ್ಟಣದವರು ಭುಜವನ್ನು ಮಾತ್ರ ಬೇಯಿಸಿ, ವಿನೆಗರ್ ರಸಕ್ಕೆ ಸ್ವಲ್ಪ ಕೆಚಪ್ ಸೇರಿಸುತ್ತಾರೆ. ಆ ಪಟ್ಟಣದಲ್ಲಿ 1919ರ ಸುಮಾರಿಗೆ ಸಿಡ್ ವೀವರ್ ಎಂಬಾತ ನ್ಯಾಯಾಲಯದ ಎದುರು ಡೇರೆ ಹಾಕಿ, ಕಲಾಪಕ್ಕೆ ಬಂದ ಜನರಿಗೆ ಬಾರ್ಬೆಕ್ಯೂ ಮಾರತೊಡಗಿದನು. 1984ರಿಂದ ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಬಾರ್ಬೆಕ್ಯೂ ಉತ್ಸವ ನಡೆಯುತ್ತದೆ. ದಕ್ಷಿಣ ಕ್ಯಾರೊಲೈನಾದ ನಡುಭಾಗದಲ್ಲಿ ಸಾಸಿವೆಯ ಹಳದಿ ಸಾಸು, ಟೆನೆಸಿಯ ಮೆಂಫಿಸ್ ನಗರದಲ್ಲಿ ಟೊಮ್ಯಾಟೊ ಮತ್ತು ಕಾಕಂಬಿಯ ಸಿಹಿ ಸಾಸು ರೂಢಿಯಲ್ಲಿವೆ. ಮನೆಯಲ್ಲಿ ಒಂದೆರಡು ಕಿಲೋ ಮಾಂಸದಿಂದ ಅಡುಗೆ ಮಾಡುವವರಿಗೆ ದಾರಿ ತೋರಿಸಬಲ್ಲದ್ದು ಲೆಕ್ಸಿಂಗ್ಟನ್ ಪದ್ಧತಿಯೇ, ಏಕೆಂದರೆ ಅದಕ್ಕೆ ಬೇಕಾದದ್ದು ಭುಜ ಮಾತ್ರ, ಮತ್ತು ಅದರ ರಸ ಮಾಂಸದ ರುಚಿಯನ್ನು ಮುಚ್ಚುವುದಿಲ್ಲ.

ಹೊಂಡದಲ್ಲಿ ಸುಮಾರು 105ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹನ್ನೆರಡು ಗಂಟೆಯಷ್ಟು ಕಾಲ ಇರುವ ಭುಜಕ್ಕೆ ಮೂರು ಗುಣಗಳು ಬರುತ್ತವೆ. ಒಂದು, ಒಳಗಿನ ಮೆದುತನ. ಎರಡು, ಓಕ್ ಅಥವಾ ಹಿಕರಿ ಮರದ ಹೊಗೆಯ ವಾಸನೆ. ಮೂರು, ಮೇಲ್ಮೈ ಒಣಗಿ, ಮಸಾಲೆಯೊಡನೆ ಕಪ್ಪಗೆ ಗಟ್ಟಿಯಾದ ಹೊರಪದರ. ಅಲ್ಲಿನವರು ಅದನ್ನು ಬಾರ್ಕ್ ಅಂದರೆ ಮರದ ತೊಗಟೆ ಎಂದೇ ಕರೆಯುತ್ತಾರೆ. ಸ್ಲೋ ಕುಕ್ಕರು ಇವುಗಳಲ್ಲಿ ಮೊದಲನೆಯದನ್ನು ಹೊಂಡದಷ್ಟೇ ಚೆನ್ನಾಗಿ ಕೊಡುತ್ತದೆ; ಉಳಿದೆರಡನ್ನು ಕೊಡುವುದೇ ಇಲ್ಲ. ಪಾತ್ರೆಯ ಗುಂಡಿ ತಿರುಗಿಸುವುದಕ್ಕೆ ಮೊದಲೂ ಅನಂತರವೂ ಮಾಡಬೇಕಾದ ಕೆಲಸವೆಲ್ಲ ಈ ಕೊರತೆಯನ್ನು ತುಂಬುವ ಪ್ರಯತ್ನವೇ.

ಈ ಪಾತ್ರೆಯ ಹುಟ್ಟಿಗೂ ಹಂದಿಗೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ರೂಪಿಸಿದ ಇರ್ವಿಂಗ್ ನ್ಯಾಕ್ಸನ್ ಲಿಥುವೇನಿಯಾ ಮೂಲದ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಅಮೆರಿಕದ ಎಂಜಿನಿಯರು. ಯೆಹೂದಿಗಳಿಗೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಸಬ್ಬತ್ ದಿನದಂದು ಬೆಂಕಿ ಹೊತ್ತಿಸುವುದು ನಿಷಿದ್ಧ. ಆದ್ದರಿಂದ ವಿಲ್ನಿಯಸ್ ನಗರದಲ್ಲಿ ಆತನ ತಾಯಿಯ ಬಾಲ್ಯದ ಕಾಲಕ್ಕೆ, ಶುಕ್ರವಾರ ಹೊತ್ತು ಮುಳುಗುವ ಮೊದಲು ಕಾಳು, ಬಾರ್ಲಿ, ಮಾಂಸ ತುಂಬಿದ ಮಡಕೆಯನ್ನು ಊರಿನ ಬ್ರೆಡ್ ಭಟ್ಟಿಗೆ ಒಯ್ದು ಇಟ್ಟು, ಆರುತ್ತಿರುವ ಭಟ್ಟಿಯ ಉಳಿದ ಶಾಖದಲ್ಲೇ ರಾತ್ರಿಯಿಡೀ ಬೆಂದ ಚೋಲೆಂಟ್ ಎಂಬ ಆ ಅಡುಗೆಯನ್ನು ಮರುದಿನ ಮನೆಗೆ ತರುತ್ತಿದ್ದರು. ತಾಯಿ ಹೇಳಿದ ಈ ಸಂಗತಿಯಿಂದ ಪ್ರೇರಿತನಾಗಿ ನ್ಯಾಕ್ಸನ್ ಮಡಕೆಯ ಸುತ್ತಲೂ ವಿದ್ಯುತ್ ತಂತಿಯ ಶಾಖವಿರುವ ಪಾತ್ರೆಯನ್ನು ಕಲ್ಪಿಸಿ 1940ರಲ್ಲಿ ಪೇಟೆಂಟ್ ಪಡೆದನು; ಅದರ ಹೆಸರು ನ್ಯಾಕ್ಸನ್ ಬೀನರಿ, ಎಂದರೆ ಕಾಳು ಬೇಯಿಸುವ ಪಾತ್ರೆ. 1970ರಲ್ಲಿ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿ ಅದನ್ನು ಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೊಸ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಚೇರಿಗೆ ಹೋಗುವ ಹೆಂಗಸರ ಸಂಖ್ಯೆ ಏರುತ್ತಿದ್ದ, ಇಂಧನದ ಬೆಲೆಯೂ ಏರಿದ ಆ ದಶಕದಲ್ಲಿ, ಬೆಳಿಗ್ಗೆ ತುಂಬಿಟ್ಟು ಹೋದರೆ ಸಂಜೆಗೆ ಊಟ ಸಿದ್ಧ ಎಂಬ ಭರವಸೆ ಚೆನ್ನಾಗಿ ಮಾರಾಟವಾಯಿತು. ಹಂದಿಮಾಂಸ ಮುಟ್ಟದ ಒಂದು ಸಂಪ್ರದಾಯದ ಧರ್ಮಾಚರಣೆಯಿಂದ ಹುಟ್ಟಿದ ಪಾತ್ರೆ ಈಗ ಎಲ್ಲಕ್ಕಿಂತ ಹೆಚ್ಚಾಗಿ ಹಂದಿಮಾಂಸದ ಜೊತೆಗೇ ನೆನಪಾಗುತ್ತದೆ ಎಂಬುದು ಪಾಕಶಾಸ್ತ್ರದ ಚರಿತ್ರೆಯ ವಿನೋದಗಳಲ್ಲೊಂದು.

ಕಾಳಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬಹುದು. ಕೆಂಪು ರಾಜ್ಮಾ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಜಾತಿಯ ವಿಷವೊಂದಿದ್ದು, ಅದು ಕುದಿಯುವ ನೀರಿನಲ್ಲಿ ಹತ್ತು ನಿಮಿಷವಾದರೂ ಇದ್ದರೆ ಮಾತ್ರ ನಾಶವಾಗುತ್ತದೆ; ಸ್ಲೋ ಕುಕ್ಕರಿನ ಮಂದ ಶಾಖ ಅದನ್ನು ನಾಶಮಾಡದೆ ಉಳಿಸಬಲ್ಲದು. ಹೆಸರಿನಲ್ಲೇ ಕಾಳಿದ್ದ ಪಾತ್ರೆಗೆ ರಾಜ್ಮಾ ಹಾಕುವವರು ಅದನ್ನು ಮೊದಲು ಒಲೆಯ ಮೇಲೆ ಕುದಿಸಿಕೊಳ್ಳಬೇಕು.

ಪಾತ್ರೆಯ ರಚನೆ ಬಹಳ ಸರಳ. ದಪ್ಪ ಪಿಂಗಾಣಿಯ ಒಳಪಾತ್ರೆ, ಅದರ ಪಕ್ಕೆಗಳನ್ನು ಸುತ್ತುವರಿದ ಶಾಖದ ತಂತಿ, ಮೇಲೆ ಗಾಜಿನ ಮುಚ್ಚಳ, ಇಷ್ಟೇ. ಐದಾರು ಲೀಟರಿನ ಪಾತ್ರೆ ಸುಮಾರು 200ರಿಂದ 300 ವಾಟ್ ವಿದ್ಯುತ್ತನ್ನಷ್ಟೇ ಬಳಸುತ್ತದೆ. ಸಾಧಾರಣ ಇಂಡಕ್ಷನ್ ಒಲೆ ಪೂರ್ಣ ಉರಿಯಲ್ಲಿ 2000 ವಾಟಿನ ಹತ್ತಿರ ಹೋಗುತ್ತದೆ. ಲೋ ಮತ್ತು ಹೈ ಎಂಬ ಎರಡು ಗುರುತುಗಳು ಎರಡು ಬೇರೆ ಉಷ್ಣತೆಗಳೆಂದು ಬಹಳ ಜನ ಭಾವಿಸುತ್ತಾರಾದರೂ, ಅನೇಕ ಮಾದರಿಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಬಿಂದುವಿಗೆ ಸ್ವಲ್ಪ ಕೆಳಗಿನ ಒಂದೇ ಮಟ್ಟವನ್ನು. ವ್ಯತ್ಯಾಸವಿರುವುದು ಅಲ್ಲಿಗೆ ತಲುಪಲು ತೆಗೆದುಕೊಳ್ಳುವ ಕಾಲದಲ್ಲಿ. ಈ ಅಡುಗೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಮಂದ ಶಾಖದಲ್ಲಿ ಏಳುವ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗಿ ಒಳಕ್ಕೇ ಬೀಳುತ್ತದೆ. ಒಳಗೆ ಹಾಕಿದ ನೀರು ಹೊರಗೆ ಹೋಗುವುದಿಲ್ಲ. ಅಡುಗೆ ಕೆಡುವ ಬಹುತೇಕ ಸಂದರ್ಭಗಳಲ್ಲಿ ಈ ಒಂದು ಸಂಗತಿಯನ್ನು ಮರೆತದ್ದೇ ಕಾರಣ.

ಮಾಂಸದೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಂದಿಯ ಭುಜ ಅದರ ಭಾರ ಹೊತ್ತು ದಿನವಿಡೀ ದುಡಿಯುವ ಭಾಗ. ಆದ್ದರಿಂದ ಅಲ್ಲಿನ ಸ್ನಾಯುಗಳ ನಡುವೆ ಕೊಲಾಜನ್ ಎಂಬ ಗಟ್ಟಿ ಪ್ರೋಟೀನಿನ ಪೊರೆಗಳು ಹೆಚ್ಚು. ಮೂರು ಸರಪಳಿಗಳು ಹಗ್ಗದಂತೆ ಹೆಣೆದುಕೊಂಡ ಈ ಪ್ರೋಟೀನು 60 ಡಿಗ್ರಿ ದಾಟಿದ ಮೇಲೆ ಮೊದಲು ಸಂಕುಚಿತವಾಗಿ, ಸ್ನಾಯುವಿನ ಎಳೆಗಳನ್ನು ಹಿಂಡಿ, ಅವುಗಳ ನೀರನ್ನು ಹೊರದೂಡುತ್ತದೆ. ಈ ಘಟ್ಟದಲ್ಲಿ ಭುಜವನ್ನು ಹೊರತೆಗೆದರೆ ಅದು ಒಣಗಿದ್ದು, ಗಟ್ಟಿಯಾಗಿದ್ದು, ಜಗಿಯಲು ಬಾರದಂತಿರುತ್ತದೆ. ಬೆಂದದ್ದು ಹೆಚ್ಚಾಯಿತೆಂದು ಅಡುಗೆಯವರು ಹೆದರುವುದೂ ಇಲ್ಲಿಯೇ. ನಿಜವೆಂದರೆ ಬೆಂದದ್ದು ಕಡಿಮೆಯಾಗಿದೆ. ಸುಮಾರು 70 ಡಿಗ್ರಿಯಿಂದ ಮೇಲಕ್ಕೆ, ತೇವವಿದ್ದಲ್ಲಿ, ಆ ಹೆಣಿಗೆ ಬಿಚ್ಚಿಕೊಂಡು ಕೊಲಾಜನ್ ಕರಗಿ ಜಿಲೆಟಿನ್ ಆಗತೊಡಗುತ್ತದೆ. ಉಷ್ಣತೆ ಏರಿದಂತೆ ಈ ಕೆಲಸ ಚುರುಕಾಗುತ್ತದೆ, ಆದರೂ ಗಂಟೆಗಟ್ಟಲೆ ಬೇಕು. ಜಿಲೆಟಿನ್ ನೀರನ್ನು ಹಿಡಿದಿಟ್ಟುಕೊಳ್ಳುವ ಅಂಟುರಸವಾದ್ದರಿಂದ, ಎಳೆಗಳು ತಮ್ಮ ನೀರನ್ನು ಕಳೆದುಕೊಂಡಿದ್ದರೂ ಬಾಯಿಗೆ ಮಾಂಸ ರಸಭರಿತವೆನಿಸುತ್ತದೆ. ತಿಂಗಳುಗಟ್ಟಲೆ ನೆನೆಸಿ ಬಡಿದ ತೆಂಗಿನ ಸಿಪ್ಪೆಯಲ್ಲಿ ನಾರುಗಳನ್ನು ಹಿಡಿದಿದ್ದ ಅಂಟು ಹೋಗಿ ನಾರು ನಾರಾಗಿಯೇ ಬಿಡಿಸಿಕೊಳ್ಳುವಂತೆ, ಪೊರೆ ಕರಗಿದ ಮಾಂಸ ಮುಳ್ಳುಚಮಚ ತಾಗಿದರೆ ಸಾಕು, ಎಳೆಯ ದಿಕ್ಕಿನಲ್ಲಿಯೇ ಬಿಡಿಸಿಕೊಳ್ಳುತ್ತದೆ. ಆಹಾರದ ಸುರಕ್ಷೆಗೆ ಹಂದಿಮಾಂಸದ ಇಡೀ ತುಂಡು 63 ಡಿಗ್ರಿ ತಲುಪಿ ಮೂರು ನಿಮಿಷ ತಡೆದರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಪುಲ್ಡ್ ಪೋರ್ಕಿಗೆ ಬೇಕಾದದ್ದು 90ರಿಂದ 96 ಡಿಗ್ರಿ. ಮೊದಲಿನದು ಆರೋಗ್ಯದ ಲೆಕ್ಕ, ಎರಡನೆಯದು ಕೊಲಾಜನಿನ ಲೆಕ್ಕ.

ಇಷ್ಟು ತಿಳಿದ ಮೇಲೆ ಯಾವ ತುಂಡನ್ನು ಕೊಳ್ಳಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಭುಜದ ಮೇಲ್ಭಾಗಕ್ಕೆ ಬಾಸ್ಟನ್ ಬಟ್ ಎಂದೂ ಕೆಳಭಾಗಕ್ಕೆ ಪಿಕ್ನಿಕ್ ಎಂದೂ ಹೆಸರು. ಹೆಸರು ಏನೇ ಸೂಚಿಸಲಿ, ಬಾಸ್ಟನ್ ಬಟ್ ಹಂದಿಯ ಹಿಂಭಾಗದ್ದಲ್ಲ. ಕೊಬ್ಬು ಮಾಂಸದ ನಡುವೆ ಹರಡಿಕೊಂಡಿರುವ ಈ ಮೇಲ್ಭಾಗವೇ ಉತ್ತಮ. ಬೆನ್ನಿನ ಲಾಯಿನ್ ತುಂಡು ನೋಡಲು ಅಚ್ಚುಕಟ್ಟಾಗಿದ್ದರೂ ಕೊಲಾಜನ್ ಕಡಿಮೆಯಿರುವುದರಿಂದ ಎಂಟು ಗಂಟೆ ಬೆಂದರೆ ಮರದ ಪುಡಿಯಾಗುತ್ತದೆ. ಕರ್ನಾಟಕದಲ್ಲಿ, ಬೆಂಗಳೂರು, ಮಂಗಳೂರು, ಮಡಿಕೇರಿಗಳ ಅಂಗಡಿಗಳಲ್ಲಿ, ಹಂದಿಮಾಂಸವನ್ನು ಸಾರಿಗೆಂದು ಚರ್ಮಸಹಿತ ಸಣ್ಣ ತುಂಡುಗಳಾಗಿ ಕಡಿದು ಕೊಡುವುದೇ ವಾಡಿಕೆಯಾದ್ದರಿಂದ, ಮುಂಗಾಲಿನ ಮೇಲಿನ ಭುಜವನ್ನು ಎರಡು ಕಿಲೋದ ಒಂದೇ ತುಂಡಾಗಿ, ಚರ್ಮ ತೆಗೆಸಿ, ಮೊದಲೇ ಹೇಳಿ ಇಡಿಸಬೇಕಾಗುತ್ತದೆ. ತೇವದ ಶಾಖದಲ್ಲಿ ಚರ್ಮ ರಬ್ಬರಿನಂತಾಗುತ್ತದಲ್ಲದೆ ಗರಿಗರಿಯಾಗುವುದಿಲ್ಲ. ವಯಸ್ಸಾದ ಹಂದಿಯ ಕೊಲಾಜನಿನಲ್ಲಿ ಅಡ್ಡಬಂಧಗಳು ಹೆಚ್ಚಾಗಿರುವುದರಿಂದ ಅಂಥ ಮಾಂಸಕ್ಕೆ ಒಂದೆರಡು ಗಂಟೆ ಹೆಚ್ಚು ಹಿಡಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಪ್ಪು ಮಾಂಸದೊಳಗೆ ಇಳಿಯುವುದು ಬಹು ನಿಧಾನ. ಆದ್ದರಿಂದ ಹಿಂದಿನ ರಾತ್ರಿಯೇ ಎರಡು ಕಿಲೋ ಮಾಂಸಕ್ಕೆ 25ರಿಂದ 30 ಗ್ರಾಂ ಉಪ್ಪನ್ನು ಎಲ್ಲ ಕಡೆ ಸವರಿ ಫ್ರಿಜ್ಜಿನಲ್ಲಿ ಇಡುವುದು ಲೇಸು. ಉಪ್ಪಿನ ಜೊತೆಗೆ ಸವರುವ ಒಣಮಸಾಲೆಗೆ ಅಲ್ಲಿ ರಬ್ ಎನ್ನುತ್ತಾರೆ. ಪ್ಯಾಪ್ರಿಕಾ ಎಂಬ ಸೌಮ್ಯ ಕೆಂಪುಮೆಣಸಿನ ಪುಡಿ, ಕರಿಮೆಣಸು, ಕಂದುಸಕ್ಕರೆ, ಬೆಳ್ಳುಳ್ಳಿ ಪುಡಿ, ಸ್ವಲ್ಪ ಜೀರಿಗೆ ಮತ್ತು ಸಾಸಿವೆ ಪುಡಿ ಅದರ ಸಾಮಾನ್ಯ ಅಂಶಗಳು. ಪ್ಯಾಪ್ರಿಕಾ ಬಯಸುವುದು ಖಾರಕ್ಕಲ್ಲ, ಬಣ್ಣಕ್ಕೆ. ಬಣ್ಣ ಹೆಚ್ಚು, ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿ ಈ ಜಾಗದಲ್ಲಿ ಕೇವಲ ಬದಲಿಯಲ್ಲ, ಹಲವು ವೇಳೆ ಮೇಲುಗೈಯೇ. ಕಂದುಸಕ್ಕರೆಗೆ ಬದಲು ಪುಡಿಬೆಲ್ಲ ನಡೆಯುತ್ತದೆ, ಏಕೆಂದರೆ ಎರಡರ ರುಚಿಯೂ ಕಬ್ಬಿನ ಕಾಕಂಬಿಯ ಅಂಶದಿಂದಲೇ ಬಂದದ್ದು.

ಈಗ ತೊಗಟೆಯ ಕೊರತೆಯ ವಿಚಾರ. ಪ್ರೋಟೀನು ಮತ್ತು ಸಕ್ಕರೆ ಶಾಖದಲ್ಲಿ ಕೂಡಿ ಕಂದುಬಣ್ಣವನ್ನೂ ಹುರಿದ ವಾಸನೆಯನ್ನೂ ಕೊಡುವ ಕ್ರಿಯೆಗೆ ಮಯಾರ್ ಕ್ರಿಯೆ ಎಂದು ಹೆಸರು. ಅದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಶಾಖ ಮತ್ತು ಒಣ ಮೇಲ್ಮೈ ಬೇಕು. ನೂರು ಡಿಗ್ರಿ ದಾಟದ ಒದ್ದೆ ಪಾತ್ರೆಯಲ್ಲಿ ಇವೆರಡೂ ಇಲ್ಲ. ಆದ್ದರಿಂದ ಭುಜವನ್ನು ಮೊದಲು ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಎಲ್ಲ ಮುಖಗಳೂ ಕಂದಾಗುವವರೆಗೆ ಹುರಿದುಕೊಳ್ಳಬೇಕು. ರಬ್ಬಿನ ಸಕ್ಕರೆ ಮತ್ತು ಬೆಳ್ಳುಳ್ಳಿ ಬಾಣಲೆಯಲ್ಲಿ ಬೇಗ ಹೊತ್ತಿ ಕಹಿಯಾಗುವುದರಿಂದ, ಉಪ್ಪು ಮಾತ್ರ ಸವರಿದ ಮಾಂಸವನ್ನು ಹುರಿದು, ಉಳಿದ ಮಸಾಲೆಯನ್ನು ಆಮೇಲೆ ಮೆತ್ತುವುದು ಹೆಚ್ಚು ಜಾಣತನ. ಹೀಗೆ ಹುರಿದರೆ ಮಾಂಸದ ರಸ ಒಳಗೇ ಮುಚ್ಚಿಹೋಗುತ್ತದೆ ಎಂದು ಪಾಕಪುಸ್ತಕಗಳಲ್ಲಿ ಇಂದಿಗೂ ಕಾಣುವ ಮಾತು ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಅಭಿಪ್ರಾಯದಿಂದ ಹರಡಿದ್ದು. ತೂಗಿ ನೋಡಿದ ಪ್ರಯೋಗಗಳು ಅದನ್ನು ಎಂದೋ ತಳ್ಳಿಹಾಕಿವೆ. ಹುರಿಯುವುದು ರುಚಿಗಾಗಿ, ರಸ ಕಾಯುವುದಕ್ಕಲ್ಲ. ಹುರಿದ ಬಾಣಲೆಯ ತಳಕ್ಕೆ ಅಂಟಿದ ಕಂದುಪದರವನ್ನು ಅರ್ಧ ಲೋಟ ಆಪಲ್ ಸೈಡರ್ ವಿನೆಗರ್ ಹಾಕಿ ಕೆರೆದು ಪಾತ್ರೆಗೆ ಸುರಿಯುವುದನ್ನು ಮರೆಯಬಾರದು. ಆ ಬಾಣಲೆಯನ್ನು ತೊಳೆದುಬಿಡುವವರು ಅಡುಗೆಯ ಅರ್ಧ ರುಚಿಯನ್ನು ಮೋರಿಗೆ ಹರಿಸಿದಂತೆಯೇ ಸರಿ.

ಆ ಅರ್ಧ ಲೋಟ ವಿನೆಗರು ಮತ್ತು ತಳಕ್ಕೆ ಹಾಸುವ ಎರಡು ಹೆಚ್ಚಿದ ಈರುಳ್ಳಿಯ ಹೊರತು ಪಾತ್ರೆಗೆ ಬೇರೆ ದ್ರವವೇ ಬೇಕಿಲ್ಲ. ಎರಡು ಕಿಲೋ ಮಾಂಸ ಬೇಯುವಾಗ ತನ್ನ ತೂಕದ ಮೂರನೆಯ ಒಂದು ಭಾಗದಷ್ಟನ್ನು ರಸವಾಗಿಯೂ ಕೊಬ್ಬಾಗಿಯೂ ಬಿಟ್ಟುಕೊಡುತ್ತದೆ. ಸಂಜೆ ಮುಚ್ಚಳ ತೆಗೆದಾಗ ಭುಜ ತನ್ನದೇ ರಸದಲ್ಲಿ ಅರ್ಧ ಮುಳುಗಿರುತ್ತದೆ. ಅಮೆರಿಕದ ಮನೆಗಳಲ್ಲಿ ಬಹು ಪ್ರಚಲಿತವಾದ ಕ್ರಮವೊಂದುಂಟು: ಒಂದು ಬಾಟಲಿ ಬಾರ್ಬೆಕ್ಯೂ ಸಾಸನ್ನೋ, ಕೋಕಾ ಕೋಲಾ ಅಥವಾ ರೂಟ್ ಬಿಯರ್ ಎಂಬ ಸಿಹಿ ಪಾನೀಯವನ್ನೋ ಮೊದಲೇ ಸುರಿದು ಮುಚ್ಚುವುದು. ಸುಲಭವೇನೋ ಹೌದು. ಆದರೆ ಸಾಸು ಮಾಂಸದ ರಸದಲ್ಲಿ ತೆಳುವಾಗುತ್ತದೆ, ಅದರ ವಿನೆಗರಿನ ಚುರುಕು ಎಂಟು ಗಂಟೆಯಲ್ಲಿ ಮೊಂಡಾಗುತ್ತದೆ, ಉಳಿಯುವುದು ಸಿಹಿ ಮಾತ್ರ. ಕೊನೆಗೆ ಹಂದಿಯೋ ಕೋಳಿಯೋ ಹಲಸಿನಕಾಯಿಯೋ ಎಂದು ನಾಲಗೆಗೆ ತಿಳಿಯದಂಥ ಪದಾರ್ಥ ತಯಾರಾಗುತ್ತದೆ. ಹುಳಿ ಮತ್ತು ಸಾಸು ಕೊನೆಗೆ ಸೇರಬೇಕಾದವು.

ಕಾಲದ ಲೆಕ್ಕ ಹೀಗೆ: ಎರಡು ಕಿಲೋ ತುಂಡು ಲೋ ಗುರುತಿನಲ್ಲಿ ಎಂಟರಿಂದ ಹತ್ತು ಗಂಟೆ, ಹೈ ಗುರುತಿನಲ್ಲಿ ಐದರಿಂದ ಆರೂವರೆ ಗಂಟೆ ತೆಗೆದುಕೊಳ್ಳುತ್ತದೆ. ಗಡಿಯಾರಕ್ಕಿಂತ ಮುಳ್ಳುಚಮಚವೇ ನಂಬಿಕೆಗೆ ಅರ್ಹ; ಚುಚ್ಚಿ ತಿರುಗಿಸಿದಾಗ ತಡೆಯಿಲ್ಲದೆ ತಿರುಗಿದರೆ, ಮೂಳೆಯಿದ್ದಲ್ಲಿ ಅದು ಎಳೆದೊಡನೆ ಶುಭ್ರವಾಗಿ ಹೊರಬಂದರೆ, ಬೆಂದಿದೆಯೆಂದು ತಿಳಿಯಬೇಕು. ನಡುನಡುವೆ ಮುಚ್ಚಳ ತೆಗೆದು ಇಣುಕುವ ಚಪಲಕ್ಕೆ ಇಲ್ಲಿ ಬೆಲೆ ತೆರಬೇಕಾಗುತ್ತದೆ, ಏಕೆಂದರೆ ಇಷ್ಟು ಕಡಿಮೆ ವಾಟಿನ ಪಾತ್ರೆ ಕಳೆದುಕೊಂಡ ಶಾಖವನ್ನು ಮರಳಿ ಗಳಿಸಲು ಇಪ್ಪತ್ತು ಮೂವತ್ತು ನಿಮಿಷವೇ ಹಿಡಿಯಬಹುದು. ಫ್ರೀಜರಿನಿಂದ ತೆಗೆದ ಕಲ್ಲಿನಂಥ ಮಾಂಸವನ್ನು ನೇರವಾಗಿ ಹಾಕಲೇಬಾರದು. 4ರಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುವುದರಿಂದ, ಆ ವಲಯವನ್ನು ಮಾಂಸ ಬೇಗ ದಾಟಬೇಕು, ಹೆಪ್ಪುಗಟ್ಟಿದ ತುಂಡು ಅದನ್ನು ಬೇಗ ದಾಟಲಾರದು. ಇದೇ ಕಾರಣಕ್ಕೆ, ಮನೆಯಲ್ಲಿ ಯಾರೂ ಇಲ್ಲದಾಗ ವಿದ್ಯುತ್ ಹೋಗಿ ಎಷ್ಟು ಹೊತ್ತಿನ ಮೇಲೆ ಬಂದಿತೆಂಬುದು ತಿಳಿಯದಿದ್ದರೆ, ಪಾತ್ರೆಯೊಳಗಿನದು ನೋಡಲು ಎಷ್ಟೇ ಚೆನ್ನಾಗಿದ್ದರೂ ಚೆಲ್ಲುವುದೇ ವಿವೇಕ. ಅಮೆರಿಕದಲ್ಲಿ ಕೆಲಸಮಾಡಿ ಊರಿಗೆ ಮರಳುವಾಗ ಪಾತ್ರೆಯನ್ನೂ ಜೊತೆಗೆ ತರುವ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ: ಅಲ್ಲಿನ ವಿದ್ಯುತ್ 120 ವೋಲ್ಟಿನದು, ಇಲ್ಲಿಯದು 230. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ಮಾತ್ರ ಹಾಕಿ ಚುಚ್ಚಿದರೆ 250 ವಾಟಿನ ಪಾತ್ರೆ ಸುಮಾರು 900 ವಾಟ್ ಎಳೆಯಹೊರಟು ಸುಟ್ಟುಹೋಗುತ್ತದೆ.

ಪ್ರೆಷರ್ ಕುಕ್ಕರಿನಲ್ಲಿ ಇದನ್ನು ಮಾಡಲಾಗದೆ ಎಂಬ ಪ್ರಶ್ನೆ ಭಾರತದ ಅಡುಗೆಮನೆಯಲ್ಲಿ ಏಳುವುದು ಸಹಜ. ಮಾಡಬಹುದು. ಅಲ್ಲಿ ನೀರು 120 ಡಿಗ್ರಿಯ ಹತ್ತಿರ ಕುದಿಯುವುದರಿಂದ ಕೊಲಾಜನ್ ಒಂದು ಗಂಟೆಯ ಆಸುಪಾಸಿನಲ್ಲಿ ಕರಗುತ್ತದೆ, ಆದರೆ ತುಂಡು ಸಣ್ಣದಾಗಿರಬೇಕು, ತಳ ಹಿಡಿಯದಷ್ಟು ನೀರೂ ಬೇಕು, ಎಳೆಗಳು ಕೊಂಚ ಹೆಚ್ಚು ಒಣಗುತ್ತವೆ.

ಬೆಂದ ಭುಜವನ್ನು ಅಗಲವಾದ ತಟ್ಟೆಗೆ ಎತ್ತಿ ಇಪ್ಪತ್ತು ನಿಮಿಷ ಬಿಟ್ಟು, ಇನ್ನೂ ಬಿಸಿಯಿರುವಾಗಲೇ ಎರಡು ಮುಳ್ಳುಚಮಚಗಳಿಂದ ಬಿಡಿಸಬೇಕು. ತಣ್ಣಗಾದರೆ ಜಿಲೆಟಿನ್ ಮತ್ತೆ ಹೆಪ್ಪುಗಟ್ಟಿ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಕರಗದೆ ಉಳಿದ ಕೊಬ್ಬಿನ ಗಡ್ಡೆಗಳನ್ನು ಆರಿಸಿ ತೆಗೆಯಬೇಕು, ಆದರೆ ಎಳೆಗಳನ್ನು ಹತ್ತಿಯಂತೆ ಸಣ್ಣದಾಗಿ ಬಿಡಿಸುವುದು ಬೇಡ. ಕಿರುಬೆರಳಿನಷ್ಟು ದಪ್ಪದ ತುಂಡುಗಳೂ ನಡುವೆ ಇದ್ದರೇ ಹಲ್ಲಿಗೆ ಕೆಲಸವಿರುತ್ತದೆ. ಇತ್ತ ಪಾತ್ರೆಯಲ್ಲುಳಿದ ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು, ತೆರೆದ ಬಾಣಲೆಯಲ್ಲಿ ಅರ್ಧವಾಗುವವರೆಗೆ ಕುದಿಸಬೇಕು. ಮುಚ್ಚಳದ ಪಾತ್ರೆ ಮಾಡಲಾರದ ಈ ಬತ್ತಿಸುವ ಕೆಲಸದಲ್ಲೇ ಇಡೀ ಅಡುಗೆಯ ಜೀವವಿದೆ: ನೀರು ಹೋಗಿ, ಮಸಾಲೆ, ಉಪ್ಪು, ಜಿಲೆಟಿನ್ ಎಲ್ಲ ದಟ್ಟವಾಗಿ, ಚಮಚಕ್ಕೆ ಅಂಟುವ ರಸ ಉಳಿಯುತ್ತದೆ. ಅದಕ್ಕೆ ಕಾಲು ಲೋಟ ಹೊಸ ವಿನೆಗರು, ಒಂದು ಚಮಚ ಬೆಲ್ಲ, ಒಣಮೆಣಸಿನ ಚೂರು, ಲೆಕ್ಸಿಂಗ್ಟನ್ ರೀತಿ ಬೇಕಾದವರು ಎರಡು ಚಮಚ ಕೆಚಪ್ ಸೇರಿಸಿ, ಸ್ವಲ್ಪಸ್ವಲ್ಪವಾಗಿ ಮಾಂಸಕ್ಕೆ ಬೆರೆಸಬೇಕು. ಎಳೆಗಳು ಹೊಳೆಯಬೇಕು, ತಟ್ಟೆಯ ತಳದಲ್ಲಿ ರಸ ನಿಲ್ಲಬಾರದು. ಓವನ್ ಇರುವ ಮನೆಯಲ್ಲಿ ಹೀಗೆ ರಸ ಬೆರೆತ ಮಾಂಸವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲಿನ ಗ್ರಿಲ್ ಉರಿಯಲ್ಲಿ ನಾಲ್ಕೈದು ನಿಮಿಷ ಇಟ್ಟರೆ ತುದಿಗಳು ಕಪ್ಪೇರಿ ಗರಿಯಾಗುತ್ತವೆ. ಓವನ್ ಇಲ್ಲದಲ್ಲಿ ಕಾದ ದೋಸೆಕಾವಲಿಯೇ ಸಾಕು. ಕಳೆದುಹೋದ ತೊಗಟೆಯ ಬಹುಭಾಗ ಹೀಗೆ ಮರಳಿ ಬರುತ್ತದೆ.

ಹೊಗೆ ಮಾತ್ರ ಮರಳುವುದಿಲ್ಲ. ಹಿಕರಿ ಕಟ್ಟಿಗೆಯ ಹೊಗೆಯನ್ನು ತಣಿಸಿ ದ್ರವವಾಗಿ ಹಿಡಿದಿಡುವ ಲಿಕ್ವಿಡ್ ಸ್ಮೋಕ್ ಎಂಬ ಪದಾರ್ಥವನ್ನು 1895ರಲ್ಲಿ ಅರ್ನೆಸ್ಟ್ ರೈಟ್ ಎಂಬ ಔಷಧ ವ್ಯಾಪಾರಿ ಮಾರಾಟಕ್ಕೆ ತಂದನು. ಅದೂ ಕ್ರಾಕ್‌ಪಾಟ್ ಬಂದ ಕ್ಯಾನ್ಸಸ್ ಸಿಟಿಯಲ್ಲಿಯೇ. ಅದು ನಿಜವಾದ ಹೊಗೆಯಿಂದಲೇ ತೆಗೆದದ್ದಾದರೂ ಅರ್ಧ ಚಮಚ ದಾಟಿದರೆ ಮಾಂಸಕ್ಕೆ ಬೂದಿಯ ವಾಸನೆ ಹಿಡಿಯುತ್ತದೆ. ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಸ್ಪೇನ್ ದೇಶದ ಹೊಗೆ ಪ್ಯಾಪ್ರಿಕಾ ದೊರೆತರೆ ರಬ್ಬಿನಲ್ಲಿ ಅದನ್ನು ಬಳಸುವುದು ಹೆಚ್ಚು ಮರ್ಯಾದೆಯ ಮಾರ್ಗ. ಎರಡೂ ಇಲ್ಲದಿದ್ದರೂ ಅಡುಗೆ ಕೆಡುವುದಿಲ್ಲ. ಅದನ್ನು ಬಾರ್ಬೆಕ್ಯೂ ಎಂದು ಕರೆಯದಿದ್ದರಾಯಿತು. ಲೆಕ್ಸಿಂಗ್ಟನ್ನಿನವರಂತೂ ಕರೆಯಲು ಬಿಡುವುದಿಲ್ಲ.

ಸ್ಯಾಂಡ್ವಿಚ್ಚಿನ ವಿಷಯದಲ್ಲಿ ಕುಶಲತೆ ತೋರಿಸುವ ಆಸೆಯನ್ನು ಹತ್ತಿಕ್ಕಬೇಕು. ಗಟ್ಟಿ ಹೊರಪದರದ ದುಬಾರಿ ಬ್ರೆಡ್ಡು ಇಲ್ಲಿ ಸಲ್ಲದು. ಕಚ್ಚಿದೊಡನೆ ಮಾಂಸವೆಲ್ಲ ಹಿಂದಿನಿಂದ ಜಾರುತ್ತದೆ. ಬೇಕರಿಯ ಸಾಧಾರಣ ಮೆತ್ತನೆಯ ಬನ್ನು ರಸ ಹೀರಿಕೊಂಡು ಮಾಂಸವನ್ನು ಹಿಡಿಯುತ್ತದೆ, ಆದರೆ ಸಿಹಿ ಬನ್ನಾಗಿರಬಾರದು. ಒಳಮುಖವನ್ನು ಬೆಣ್ಣೆ ಸವರಿ ಸುಟ್ಟರೆ ತೊಯ್ದು ಹರಿಯುವುದಿಲ್ಲ. ಎರಡು ಕಿಲೋ ಹಸಿಮಾಂಸದಿಂದ ಬರುವ ಸುಮಾರು ಒಂದೂಕಾಲು ಕಿಲೋ ಬೆಂದ ಮಾಂಸ ಹತ್ತು ಬನ್ನುಗಳಿಗೆ ಸಾಕು. ಮಾಂಸದ ಮೇಲೆ ಇಡುವ ಸ್ಲಾ ಎಂಬ ಎಲೆಕೋಸಿನ ಪಚಡಿ ಅಲಂಕಾರಕ್ಕೆ ಇರುವುದಲ್ಲ. ಕೊಬ್ಬಿನ, ಮೆದುವಿನ ನಡುವೆ ಹಸಿಯಾದ, ಹುಳಿಯಾದ, ಕುರುಕುರು ಎನ್ನುವ ಒಂದು ಅಂಶ ಇರಲೇಬೇಕು. ಲೆಕ್ಸಿಂಗ್ಟನ್ನಿನಲ್ಲಿ ಅದಕ್ಕೆ ಮೇಯೋನೀಸ್ ಹಾಕದೆ, ಮಾಂಸಕ್ಕೆ ಹಾಕುವ ವಿನೆಗರ್-ಕೆಚಪ್ ರಸವನ್ನೇ ಬೆರೆಸಿ ಕೆಂಪು ಸ್ಲಾ ಮಾಡುತ್ತಾರೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಅರ್ಧ ಗಂಟೆ ಇಟ್ಟು, ನೀರು ಹಿಂಡಿದ ಮೇಲೆ ಹುಳಿ ಸೇರಿಸಿದರೆ ಬನ್ನು ಒದ್ದೆಯಾಗದು.

ಕೊಬ್ಬಿನ ಹಂದಿಮಾಂಸಕ್ಕೆ ಕೊನೆಯಲ್ಲಿ ಹುಳಿ ಬೇಕೆಂಬುದನ್ನು ಕನ್ನಡ ನಾಡಿನ ಒಂದು ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡಗಿನ ಪಂದಿ ಕರಿಗೆ ಇಳಿಸುವ ಹೊತ್ತಿಗೆ ಸೇರಿಸುವ ಕಾಚಂಪುಳಿ, ಪಣಪುಳಿ ಜಾತಿಯ ಹಣ್ಣಿನ ರಸವನ್ನು ಕಪ್ಪಗೆ ದಪ್ಪವಾಗುವವರೆಗೆ ಬತ್ತಿಸಿ ಮಾಡಿದ ಹುಳಿ, ಇದೇ ಕೆಲಸವನ್ನು ಮಾಡುತ್ತದೆ. ಮಂಗಳೂರಿನ ಕ್ರೈಸ್ತರ ಹಂದಿಮಾಂಸದ ಅಡುಗೆಗಳಲ್ಲಿ ಆ ಸ್ಥಾನ ವಿನೆಗರಿನದು. ಬತ್ತಿಸಿದ ರಸಕ್ಕೆ ಆಪಲ್ ಸೈಡರ್ ವಿನೆಗರಿನ ಬದಲು ಒಂದು ಚಮಚ ಕಾಚಂಪುಳಿ ಹಾಕಿದರೆ ಬಣ್ಣ ಗಾಢವಾಗಿ, ಹುಳಿಗೆ ಒಂದು ಆಳ ಬರುತ್ತದೆ. ಅದು ಕ್ಯಾರೊಲೈನಾದ್ದೂ ಅಲ್ಲ, ಕೊಡಗಿನದೂ ಅಲ್ಲ. ಆದರೆ ಎರಡು ಕಡೆಯವರೂ ಅದರ ತರ್ಕವನ್ನು ಒಪ್ಪುವಂತಿರುತ್ತದೆ. ಹುಳಿ ತೀಕ್ಷ್ಣವಾದ್ದರಿಂದ ಅಳತೆ ಮೀರಬಾರದು.

ಒಂದು ಹೊತ್ತಿಗೆ ಮುಗಿಯದಷ್ಟು ಮಾಂಸ ತಯಾರಾಗುವುದರಿಂದ ಉಳಿದದ್ದನ್ನು ಇಡುವ ಕ್ರಮವೂ ಅಡುಗೆಯ ಭಾಗವೇ. ಪಿಂಗಾಣಿ ಪಾತ್ರೆ ಶಾಖವನ್ನು ಬಹು ಹೊತ್ತು ಹಿಡಿದಿಡುವುದರಿಂದ ಅದನ್ನೇ ಫ್ರಿಜ್ಜಿನಲ್ಲಿ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿದು ಕೆಡುತ್ತದೆ. ಬಿಡಿಸಿದ ಮಾಂಸವನ್ನು ಎರಡು ಗಂಟೆಯೊಳಗೆ ಆಳವಿಲ್ಲದ ಡಬ್ಬಿಗಳಿಗೆ ಹಾಕಿ, ಮೇಲೆ ಸ್ವಲ್ಪ ಬತ್ತಿಸಿದ ರಸ ಸುರಿದು ಇಟ್ಟರೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಮತ್ತೆ ಬಿಸಿಮಾಡುವುದಕ್ಕೆ ಸ್ಲೋ ಕುಕ್ಕರನ್ನು ಬಳಸಬಾರದು, ಏಕೆಂದರೆ ಅದು ತಣ್ಣನೆಯ ಮಾಂಸವನ್ನು ಅಪಾಯದ ಉಷ್ಣತೆಗಳ ಮೂಲಕ ತೀರ ನಿಧಾನವಾಗಿ ಹಾಯಿಸುತ್ತದೆ. ಮುಚ್ಚಿದ ಬಾಣಲೆಯಲ್ಲಿ ಒಂದೆರಡು ಚಮಚ ನೀರು ಚಿಮುಕಿಸಿ, ಹಬೆಯಾಡುವವರೆಗೆ, ಅಳೆಯುವವರಿದ್ದರೆ 74 ಡಿಗ್ರಿ ತಲುಪುವವರೆಗೆ ಕಾಯಿಸಿ, ವಿನೆಗರಿನ ನಾಲ್ಕು ಹನಿಯನ್ನು ಆಗ ಹೊಸದಾಗಿ ಸೇರಿಸಬೇಕು.